ಆರ್ಡಿಸ್ ಕಟ್ಟಿದ ಹಗುರ ಕೋವಿ

ಆಗಸ್ಟ್ ಮುಗಿಯುತ್ತಾ ಬಂದರೆ ಡ್ರೈ ಫೋರ್ಕ್ ಊರಿನ ಗಂಡಸರ ನಡಿಗೆಯೇ ಬದಲಾಗುತ್ತದೆ. ಗೋಧಿ ಕಟಾವು ಮುಗಿದಿರುತ್ತದೆ, ಹುಲ್ಲು ಒಣಗಿ ಮನೆ ಸೇರಿರುತ್ತದೆ, ಮೊಂಟಾನಾದ ಬೇಟೆಯ ಕಾಲಕ್ಕೆ ಇನ್ನು ಕೆಲವೇ ವಾರ. ಶನಿವಾರ ಬೆಳಗಾದರೆ ಪಿಕಪ್ ಗಾಡಿಗಳೆಲ್ಲ ಊರ ಹೊರಗೆ ಗುರಿ ಹೊಡೆಯುವ ಮೈದಾನವಾದ ರೇಂಜ್ ಕಡೆಗೆ ಸಾಲುಗಟ್ಟುತ್ತವೆ. ವರ್ಷವಿಡೀ ಬೀರುವಿನಲ್ಲಿ ಮಲಗಿದ್ದ ಕೋವಿಗಳನ್ನು ಎಬ್ಬಿಸಿ ತಂದು, ಕೋವಿಯ ಮೇಲಿನ ದುರ್ಬೀನು ತೋರಿಸುವ ಕಡೆಗೇ ಗುಂಡು ಹೋಗುತ್ತದೋ ಇಲ್ಲವೋ ಅಂತ ಹೊಡೆದು ನೋಡಿ ತಿರುಪು ತಿರುಗಿಸುವ ಕೆಲಸ. ಗುರಿ ಕೂಡಿಸುವುದು ಅಂತ ಅದಕ್ಕೆ ಹೆಸರು. ಅರ್ಧ ದಿನ ತಮ್ಮ ಗುರಿ ಕೂಡಿಸುತ್ತಾರೆ, ಉಳಿದರ್ಧ ದಿನ ಪಕ್ಕದವನ ಗುರಿ ಕೂಡದ್ದನ್ನು ನೋಡಿ ನಗುತ್ತಾರೆ.

ಆ ಶನಿವಾರ ಆರ್ಡಿಸ್ ಟ್ವೀಟೆನ್ ಬಂದದ್ದು, ತಾನು ಕಟ್ಟಿದ ಕೋವಿಯನ್ನು ಊರವರು ಬಾಯಿಬಿಟ್ಟುಕೊಂಡು ನೋಡುವುದನ್ನು ನೋಡಲಿಕ್ಕೆ. ಅರವತ್ತು ದಾಟಿದ ಹೆಂಗಸು. ಗಿಡ್ಡ ಆಳು, ಅಗಲವಾದ ಕೈ, ಮೂಗಿನ ತುದಿಗೆ ಜಾರಿದ ಕನ್ನಡಕ. ಕಾಫಿಯ ಥರ್ಮಾಸ್ ಹಿಡಿದು ಬೆಂಚುಗಳ ಹಿಂದೆ ನಿಂತಿದ್ದಳು. ಹೆಮ್ಮೆಯನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸ ಅವಳಿಗೆ ಯಾವತ್ತೂ ಇರಲಿಲ್ಲ, ಅವತ್ತಂತೂ ಮೊದಲೇ ಇರಲಿಲ್ಲ.

ಕೋವಿಯೂ ಹಾಗೇ ಇತ್ತು. ಅಕ್ರೋಟ್ ಮರದ ಹಿಡಿ, ಅದರೊಳಗೆ ಹೊಗೆ ಸುತ್ತಿದಂಥ ಕಪ್ಪು ಗೆರೆ. ಮರಕ್ಕೂ ನಳಿಗೆಗೂ ನಡುವೆ ತೆಳು ಕಾಗದವೊಂದು ನುಸುಳುವಷ್ಟೇ ಸಂದು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ ಅದರ ತೂಕ. ಮ್ಯಾಗ್ನಂ ತೋಟಾ ಹೊಡೆಯುವ ಕೋವಿಯನ್ನು ಅಷ್ಟು ಹಗುರವಾಗಿ ಆ ಜಿಲ್ಲೆಯಲ್ಲಿ ಯಾರೂ ಕಟ್ಟಿರಲಿಲ್ಲ. ಮ್ಯಾಗ್ನಂ ಅಂದರೆ ಮದ್ದು ಕಿಕ್ಕಿರಿದು ತುಂಬಿದ ದೊಡ್ಡ ತೋಟಾ. ದೂರ ಹೊಡೆಯುತ್ತದೆ, ಹೊಡೆದವನ ಹೆಗಲಿಗೂ ಒದೆಯುತ್ತದೆ. ಕೋವಿ ಹಗುರವಾದಷ್ಟೂ ಆ ಒದೆತ ಜಾಸ್ತಿ. ಆದರೆ ಕಲ್ಲು ಬೆಟ್ಟ ಹತ್ತುವವನಿಗೆ ಹಗುರ ಕೋವಿಯೇ ಬೇಕು, ಊರಿನಲ್ಲಿ ತಲೆಯೆತ್ತಿ ತಿರುಗುವವನಿಗೆ ಮ್ಯಾಗ್ನಂ ಬೇಕು. ಡೆಲ್ಮರ್ ಕ್ರೌಸನಿಗೆ ಎರಡೂ ಬೇಕಾಗಿತ್ತು.

ಡೆಲ್ಮರ್ ದನ ಸಾಕುವವನು. ಆರ್ಡಿಸ್ ಜೊತೆ ಒಂದೇ ಕೋಣೆಯ ಶಾಲೆಯಲ್ಲಿ ಕೂತು ಓದಿದವನು. ಬೆಟ್ಟದ ದೊಡ್ಡಕೊಂಬಿನ ಟಗರನ್ನು ಬೇಟೆಯಾಡುವುದಕ್ಕೆ ಸರ್ಕಾರ ಚೀಟಿ ಎತ್ತಿ ಪರವಾನಗಿ ಕೊಡುತ್ತದೆ. ಮೀಸೆ ಮೂಡಿದಂದಿನಿಂದ ಪ್ರತಿ ವರ್ಷ ಹೆಸರು ಹಾಕುತ್ತಿದ್ದ ಡೆಲ್ಮರ್‌ಗೆ, ಮೀಸೆ ಬೆಳ್ಳಗಾದ ಮೇಲೆ ಈ ವರ್ಷ ಚೀಟಿ ಬಂದಿತ್ತು. ಇನ್ನೊಂದು ಸಲ ಬರುವುದಿಲ್ಲ ಅಂತ ಅವನಿಗೂ ಗೊತ್ತು, ಊರಿಗೂ ಗೊತ್ತು. ಅದಕ್ಕೇ ಹೇಳಿ ಮಾಡಿಸಿದ ಕೋವಿ ಇದು.

“ಏನೋ ಡೆಲ್ಮರ್, ಇದೇನು ಕೋವಿನೋ ಒಡವೇನೋ? ಹೊಡೀತೀಯೋ, ಇಲ್ಲಾ ಕೊರಳಿಗೆ ಹಾಕ್ಕೊಂಡು ಹೋಗ್ತೀಯೋ?” ಅಂದ ಲೈಲ್ ಪೆಟಿಟ್. ರೇಂಜ್ ನೋಡಿಕೊಳ್ಳುವವನು ಅವನೇ. ಕೈಯಲ್ಲಿ ಕೆಂಪು ಬಾವುಟ, ಕೊರಳಲ್ಲಿ ಸೀಟಿ. ಅವನ ಗಂಟಲಿನ ಜೋರಿಗೆ ಎರಡೂ ಬೇಕಿರಲಿಲ್ಲ.

“ಹೊಟ್ಟೆ ಉರ್ಕೋಬೇಡ ಲೈಲ್. ಟಗರಿನ ಚೀಟಿ ನಂಗೆ ಬಂತು, ನಿಂಗೆ ಬರ್ಲಿಲ್ಲ.”

“ಬರ್ಲಿ ಬಿಡು. ಮೊದ್ಲು ಈ ಕಾಗದಕ್ಕಾದ್ರೂ ಹೊಡಿ, ಟಗರು ಆಮೇಲೆ ನೋಡೋಣ.”

ಡೆಲ್ಮರ್ ಬೆಂಚಿಗೆ ಕೂತ. ಕೋವಿಯ ಮುಂದಿನ ಮರವನ್ನು ಮರಳಿನ ಚೀಲದ ಮೇಲಿಟ್ಟ, ಕೆನ್ನೆ ಒತ್ತಿದ, ಬೆರಳಿನಿಂದ ಕೋವಿಯ ಕುದುರೆ ಎಳೆದ. ಸಾಲಿನಲ್ಲಿದ್ದ ಬೇರೆ ಕೋವಿಗಳೆಲ್ಲ ಕೆಮ್ಮಿದಂತೆ ಕೇಳಿಸುವಷ್ಟು ಜೋರು ಸದ್ದು. ಡೆಲ್ಮರನ ಟೋಪಿ ಹಿಂದಕ್ಕೆ ಬಿತ್ತು. ಎರಡನೆಯದು ಹೊಡೆದ. ಮೂರನೆಯದಕ್ಕೆ ದುರ್ಬೀನಿನ ಅಂಚು ಹುಬ್ಬಿಗೆ ಬಡಿದು, ಅರ್ಧಚಂದ್ರದಂತೆ ಕೊಯ್ದು, ರಕ್ತ ಮೂಗಿನ ಪಕ್ಕದಲ್ಲಿ ಇಳಿಯಿತು. ಅವನು ಅದನ್ನು ತೋಳಿನಿಂದ ಒರೆಸಿಕೊಂಡು ಏನೂ ಆಗದವನ ಹಾಗೆ ಎದ್ದ.

ಲೈಲ್ ಬಾವುಟ ಎತ್ತಿ, “ಎಲ್ರೂ ಕೋವಿ ಕೆಳಗಿಡಿ! ಯಾರೂ ಮುಟ್ಬೇಡಿ!” ಅಂತ ಕೂಗಿದ. ಎಲ್ಲರೂ ನೂರು ಗಜ ನಡೆದು ಗುರಿ ಕಾಗದದ ಹತ್ತಿರ ಹೋದರು. ತಮ್ಮ ಕಾಗದ ಬಿಟ್ಟು ಡೆಲ್ಮರನ ಕಾಗದವನ್ನೇ ಮುತ್ತಿಕೊಂಡರು. ಒಂದು ತೂತು ಮೇಲೆ ಬಲಕ್ಕೆ. ಒಂದು ಕೆಳಗೆ ಎಡಕ್ಕೆ. ಮೂರನೆಯದು ಕಾಗದದಲ್ಲೇ ಇರಲಿಲ್ಲ.

“ಬಟಾಣಿ ಚೆಲ್ದಂಗಿದೆ,” ಅಂದ ಲೈಲ್.

ಹಿಂದಿನಿಂದ ಯಾರೋ ಮೆಲ್ಲಗೆ, “ಹಾಲ್ವರ್ ಇದ್ದಿದ್ರೆ ಹಿಂಗಾಗ್ತಿರ್ಲಿಲ್ಲ,” ಅಂದರು. ಮೆಲ್ಲಗೆ ಅಂದದ್ದೇ ಎಲ್ಲರಿಗೂ ಕೇಳಿಸಿತು.

“ಕೋವಿ ಸರಿಯಾಗಿದೆ,” ಅಂದಳು ಆರ್ಡಿಸ್.

“ಹಂಗಾದ್ರೆ ಗುಂಡು ಕುಡ್ದಿತ್ತಾ ಆರ್ಡಿಸ್?” ಅಂದ ವೆಂಡೆಲ್ ಹಾಫ್. ಟ್ರ್ಯಾಕ್ಟರ್ ರಿಪೇರಿಯ ವೆಂಡೆಲ್, ಗಡಿಗೆ ಹೊಟ್ಟೆಯವನು. ಎಲ್ಲರೂ ನಕ್ಕರು. ಡೆಲ್ಮರ್ ಮಾತ್ರ ನಗಲಿಲ್ಲ. ಹುಬ್ಬಿಗೆ ಕರವಸ್ತ್ರ ಒತ್ತಿಕೊಂಡು ಮೂರನೇ ತೂತು ಇರಬೇಕಾಗಿದ್ದ ಖಾಲಿ ಜಾಗವನ್ನೇ ನೋಡುತ್ತಿದ್ದ.

ಹಾಲ್ವರ್ ಅಂದರೆ ಆರ್ಡಿಸ್‌ಳ ಗಂಡ. ಹಳೆಯ ಬೆಣ್ಣೆ ಕಾರ್ಖಾನೆಯ ಕಟ್ಟಡದಲ್ಲಿ ಇಬ್ಬರೂ ಸೇರಿ ಕೋವಿ ಕಟ್ಟುವ ಅಂಗಡಿ ನಡೆಸಿದ್ದರು. ಕಬ್ಬಿಣ ಅವನದು, ಮರ ಇವಳದು. ಹಿಡಿ ಕೆತ್ತುವುದರಲ್ಲಿ ಆರ್ಡಿಸ್ ಎತ್ತಿದ ಕೈ. ಗಿರಾಕಿಯನ್ನು ನಿಲ್ಲಿಸಿ ತೋಳಿನ ಉದ್ದ, ಕೊರಳಿನ ಎತ್ತರ, ಕೆನ್ನೆಯ ಮೂಳೆ ಎಲ್ಲ ಅಳೆದು, ಕಣ್ಣು ಮುಚ್ಚಿ ಎತ್ತಿ ಹಿಡಿದರೂ ದುರ್ಬೀನು ಕಣ್ಣಿನ ಎದುರಿಗೇ ಬಂದು ನಿಲ್ಲುವ ಹಾಗೆ ಮಾಡುತ್ತಿದ್ದಳು. ಅಷ್ಟಾದರೂ ಊರವರ ಬಾಯಲ್ಲಿ ಅದು ಹಾಲ್ವರ್ ಕೋವಿ. ಅಡುಗೆ ಮಾಡಿದವಳು ಒಬ್ಬಳು, ಹೊಗಳಿಸಿಕೊಂಡವನು ಇನ್ನೊಬ್ಬ. ಬೇಜಾರಾಗುತ್ತಿತ್ತೇ ಅಂದರೆ, ಆಗುತ್ತಿತ್ತು. ಹಾಲ್ವರ್‌ಗೂ ಅದನ್ನು ಮುಖದ ಮೇಲೇ ಹೇಳಿದ್ದಳು. “ನಾನೇನ್ ಮಾಡ್ಲಿ ಮಾರಾಯ್ತಿ, ಜನಕ್ಕೆ ಮರ ಕಾಣಲ್ಲ, ಸದ್ದು ಕೇಳುತ್ತೆ,” ಅಂತ ನಗುತ್ತಿದ್ದ ಅವನು.

ಅವನು ಹೋದ ಮೇಲೆ ಕಬ್ಬಿಣ ಕಡೆಯುವ ಲೇತ್ ಯಂತ್ರ ಮಾರಿಬಿಡು ಅಂತ ಎಲ್ಲರೂ ಅಂದರು. ಆರ್ಡಿಸ್ ಮಾರಲಿಲ್ಲ. ಚಳಿಗಾಲವೆಲ್ಲ ಅದರ ಮುಂದೆ ನಿಂತು ನಳಿಗೆ ಕೂಡಿಸುವುದನ್ನು ತಾನೇ ಕಲಿತಳು. ಕಲಿಯುವಾಗ ಕೆಟ್ಟ ನಳಿಗೆಗಳೆಲ್ಲ ಈಗ ಹಿತ್ತಲಲ್ಲಿ ಟೊಮೆಟೊ ಗಿಡಗಳಿಗೆ ಊರುಗೋಲು. ಯಾರಾದರೂ ಕೇಳಿದರೆ ನಾಚದೆ ತೋರಿಸುತ್ತಾಳೆ, ಜೊತೆಗೆ ಎರಡು ಟೊಮೆಟೊ ಕಿತ್ತು ಕೈಗಿಡುತ್ತಾಳೆ. ಡೆಲ್ಮರನ ಕೋವಿ ಕಬ್ಬಿಣದಿಂದ ಮರದವರೆಗೆ ಅವಳೊಬ್ಬಳೇ ಕಟ್ಟಿದ ಮೊದಲನೆಯದು. ಅದು ಚೆನ್ನಾಗಿ ಹೊಡೆದರೆ ಆರ್ಡಿಸ್ ಕೋವಿ ಅನ್ನುವ ಮಾತು ಹುಟ್ಟುತ್ತದೆ. ಹೊಡೆಯದಿದ್ದರೆ ಅಂಗಡಿ ಹಾಲ್ವರ್ ಜೊತೆಗೇ ಮಣ್ಣಾದಂತೆ. ಚಳಿಗಾಲಕ್ಕೆ ಕೋವಿ ಮಾಡಿಸುತ್ತೇವೆ ಅಂದಿದ್ದ ಇಬ್ಬರು ಆ ಶನಿವಾರ ಸಂಜೆಯೊಳಗೇ ಫೋನು ಮಾಡಿ, ಸ್ವಲ್ಪ ತಡೆಯೋಣ ಅಂದರು. ಅದೂ ಎಷ್ಟು ಮರ್ಯಾದೆಯಿಂದ ಅಂದರು ಅಂದರೆ, ಬೈದಿದ್ದರೇ ವಾಸಿಯಿತ್ತು.

ಆದರೆ ಆರ್ಡಿಸ್ ತಲೆ ಕೆಡಿಸಿಕೊಳ್ಳಲಿಲ್ಲ. ಕೈಯಿಂದ ಬಿಡುವ ಮುಂಚೆ ತಾನೇ ಹೊಡೆದು ನೋಡಿದ ಕೋವಿ ಅದು. ಅದರಲ್ಲಿ ಊನ ಇಲ್ಲ ಅಂತ ಅವಳಿಗೆ ತನ್ನ ಹೆಸರಿನಷ್ಟೇ ಗಟ್ಟಿಯಾಗಿ ಗೊತ್ತಿತ್ತು. ಆದರೂ ದುರ್ಬೀನು ಎಲ್ಲಾದರೂ ಅಲುಗಾಡಿದೆಯೋ ನೋಡೋಣ ಅಂತ, ಭಾನುವಾರ ಊರೆಲ್ಲ ಚರ್ಚಿನಲ್ಲಿರುವ ಹೊತ್ತಿಗೆ, ಬಿಕೋ ಅನ್ನುತ್ತಿದ್ದ ರೇಂಜ್‌ಗೆ ಡೆಲ್ಮರ್ ತನ್ನ ಬಳಿಯೇ ಬಿಟ್ಟುಹೋಗಿದ್ದ ಆ ಕೋವಿ ಹಿಡಿದು ಒಬ್ಬಳೇ ಹೋದಳು.

ಅವಳ ಪದ್ಧತಿ ಬೇರೆ. ಒಂದು ಈಡು ಹೊಡೆದು ಕೋವಿಯನ್ನು ನೆರಳಿಗೆ ಒರಗಿಸಿ, ನಳಿಗೆ ಪೂರ್ತಿ ತಣ್ಣಗಾಗುವವರೆಗೆ ಕಾಫಿ ಕುಡಿಯುತ್ತಾ ಕೂರುವುದು. ಬೇಟೆಯಲ್ಲಿ ಸಿಗುವುದು ತಣ್ಣನೆಯ ನಳಿಗೆಯ ಮೊದಲನೇ ಈಡು. ಸಾಲಾಗಿ ಹೊಡೆದು ನಳಿಗೆ ಕಾಯಿಸುವವನು ಗುರಿ ಕೂಡಿಸುತ್ತಿಲ್ಲ, ಮದ್ದು ಸುಡುತ್ತಿದ್ದಾನೆ ಅಂತ ಅವಳ ವಾದ. ಹೀಗೆ ಮೂರು ಈಡು ಹೊಡೆದು ಎದ್ದಾಗ ಹೆಗಲು ಉರಿಯುತ್ತಿತ್ತು. ಕಾಗದದ ಹತ್ತಿರ ಹೋಗಿ ನೋಡಿದಳು. ಮೂರೂ ತೂತು ಒಂದಕ್ಕೊಂದು ತಾಗಿಕೊಂಡು, ಒಂದು ಕ್ವಾರ್ಟರ್ ನಾಣ್ಯ ಇಟ್ಟರೆ ಮುಚ್ಚಿಹೋಗುವಂತಿದ್ದವು.

“ಈಗ ಬನ್ನಿ ಮಕ್ಳಾ,” ಅಂದಳು, ಯಾರೂ ಇಲ್ಲದ ಮೈದಾನಕ್ಕೆ ಕೇಳುವ ಹಾಗೆ.

ಆ ಕಾಗದವನ್ನು ಚಾಕುವಿನಿಂದ ಕತ್ತರಿಸಿ ಜೇಬಿಗಿಟ್ಟುಕೊಂಡು ನೇರವಾಗಿ ಜುನಿಪರ್ ಕೆಫೆಗೆ ಹೋದಳು. ಚರ್ಚ್ ಬಿಟ್ಟ ಮೇಲೆ ಊರ ಗಂಡಸರು ಸೇರುವುದು ಅಲ್ಲೇ. ನಾಣ್ಯದಡಿ ಮುಚ್ಚುವಂಥ ಗುರಿ ಕಾಗದ ತಂದವರಿಗೆ ಅಲ್ಲಿ ದಾಲ್ಚಿನ್ನಿ ರೋಲ್ ಪುಕ್ಕಟೆ, ಕಾಗದ ಗೋಡೆಗೆ. ಅದನ್ನು ಮೇಜಿನ ಮೇಲೆ ಬಡಿದು, ಒಂದೇ ಒಂದು ಮಾತೂ ಆಡದೆ ರೋಲ್ ತಿನ್ನಬೇಕು ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದಳು.

ಒಳಗೆ ಕಾಲಿಟ್ಟಾಗ ಮೂಲೆಯ ಮೇಜಿನಲ್ಲಿ ಡೆಲ್ಮರ್, ಲೈಲ್, ವೆಂಡೆಲ್ ಕೂತಿದ್ದರು. ಡೆಲ್ಮರನ ಬೆನ್ನು ಬಾಗಿಲಿಗೆ.

“ಪಾಪ, ಬಿಡ್ರೋ,” ಅನ್ನುತ್ತಿದ್ದ ಅವನು. “ಒಂಟಿ ಹೆಂಗಸು, ಮೊದಲ್ನೇ ಕೋವಿ. ಕಲೀತಾಳೆ. ನಾನು ಹಳೇ ಕೋವೀನೇ ತಗೊಂಡ್ಹೋಗ್ತೀನಿ.”

ಪಾಪ! ಆರ್ಡಿಸ್‌ಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಕೈ ಜೇಬಿಗೆ ಹೋಯಿತು. ಕಾಗದ ಅರ್ಧ ಹೊರಗೂ ಬಂತು.

ಅಷ್ಟರಲ್ಲಿ ಡೆಲ್ಮರ್ ಕಾಫಿಯ ಕಪ್ಪು ಎತ್ತಿದ. ಎಡಗೈಯಲ್ಲಿ ಎತ್ತಿದ. ಜನ್ಮವಿಡೀ ಬಲಗೈಯವನು. ಬಲಗೈ ತೊಡೆಯ ಮೇಲೆ ಬಿದ್ದಿತ್ತು, ಆ ಹೆಗಲು ಅಂಗಿಯೊಳಗೆ ಊದಿಕೊಂಡಿತ್ತು. ಹುಬ್ಬಿನ ಮೇಲೆ ಪಟ್ಟಿ. ಪಕ್ಕದ ಮೇಜಿನಲ್ಲಿ ಯಾರೋ ತಟ್ಟೆ ಇಟ್ಟ ಸದ್ದಿಗೆ ಅವನ ಕಣ್ಣು ರೆಪ್ಪೆ ಬಡಿದು ಬಿಗಿಯಾಗಿ ಮುಚ್ಚಿ ತೆರೆಯಿತು.

ಆರ್ಡಿಸ್‌ಗೆ ತಟ್ಟನೆ ಗೊತ್ತಾಗಿಹೋಯಿತು. ಒದೆತಕ್ಕೆ ಹೆದರುವವನು ಕುದುರೆ ಎಳೆಯುವ ಮುಂಚೆಯೇ ಕಣ್ಣು ಮುಚ್ಚುತ್ತಾನೆ, ಹೆಗಲು ಹಿಂದೆಗೆಯುತ್ತಾನೆ, ಕೋವಿ ಎಲ್ಲೋ ನೋಡುತ್ತದೆ. ಕಾಗದ ಮೇಜಿನ ಮೇಲೆ ಬಿದ್ದರೆ ಕೋವಿಯ ಹೆಸರು ಉಳಿಯುತ್ತದೆ. ಜೊತೆಗೇ, ಡೆಲ್ಮರ್ ಕ್ರೌಸ್ ಕೋವಿಗೆ ಹೆದರುತ್ತಾನೆ ಅಂತ ಇಡೀ ಊರಿಗೆ ಸಾರಿದಂತಾಗುತ್ತದೆ. ಡ್ರೈ ಫೋರ್ಕ್‌ನಲ್ಲಿ ಗಂಡಸು ಸಾಲ ಮಾಡಬಹುದು, ಕುಡಿದು ಚರಂಡಿಗೆ ಬೀಳಬಹುದು, ಅದನ್ನೆಲ್ಲ ಊರು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಇದನ್ನು ಮಾತ್ರ ಸಾಯುವವರೆಗೆ ಆಡಿಕೊಳ್ಳುತ್ತದೆ.

ಕಾಗದ ಜೇಬಿನೊಳಕ್ಕೆ ವಾಪಸು ಹೋಯಿತು. ಅದು ಸುಲಭವಾಗಿ ಹೋಯಿತು ಅಂತ ಯಾರೂ ತಿಳಿಯಬಾರದು.

“ಡೆಲ್ಮರ್, ನಾಳೆ ಅಂಗಡಿ ಕಡೆ ಬಾ. ದುರ್ಬೀನು ಒಂಚೂರು ನೋಡ್ಬೇಕು,” ಅಂದಳು. ರೋಲ್‌ಗೆ ದುಡ್ಡು ಕೊಟ್ಟೇ ತಿಂದಳು.

ಸೋಮವಾರ ಡೆಲ್ಮರ್ ಬಂದ. ಅಂಗಡಿಯ ಹಿಂದೆ ಮಣ್ಣಿನ ದಿಬ್ಬ, ಅದರ ಎದುರಿಗೆ ಒಂದು ಬೆಂಚು. ತೋಟಾ ತಾನೇ ತುಂಬುತ್ತೇನೆ, ನೀನು ಹೊಡಿ ಅಷ್ಟೇ, ಅಂತ ಹೇಳಿ ಆರ್ಡಿಸ್ ಅವನಿಗೆ ಬೆನ್ನು ಮಾಡಿ ಕೋವಿ ಮುಚ್ಚಿ ಕೈಗೆ ಕೊಟ್ಟಳು. ಡೆಲ್ಮರ್ ಗುರಿ ಹಿಡಿದ, ಕುದುರೆ ಎಳೆದ.

ಟಿಕ್ ಅಂತು. ಒಳಗೆ ತೋಟಾ ಇರಲಿಲ್ಲ. ಆದರೆ ನಳಿಗೆಯ ತುದಿ ಗಕ್ಕನೆ ಮುಗ್ಗರಿಸಿ ಬೆಂಚಿಗೆ ತಾಗುವಷ್ಟು ಕೆಳಗೆ ಹೋಗಿತ್ತು, ಡೆಲ್ಮರನ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು, ಹಲ್ಲು ಕಚ್ಚಿತ್ತು. ಸದ್ದೇ ಬರಲಿಲ್ಲವಲ್ಲ ಅಂತ ಕಣ್ಣು ತೆರೆದವನು, ಕೆಳಗೆ ನೋಡುತ್ತಿದ್ದ ನಳಿಗೆಯನ್ನು ನೋಡಿದ. ಆಮೇಲೆ ಆರ್ಡಿಸ್‌ಳನ್ನು ನೋಡಿದ.

ಅಲ್ಲಿಯವರೆಗೆ ತಡೆದಿದ್ದ ಆರ್ಡಿಸ್‌ಗೆ ಆಗ ತಡೆಯಲಾಗಲಿಲ್ಲ. ಕಾಗದ ತೆಗೆದು ಅವನ ಮುಂದೆ ಹಿಡಿದಳು. “ನೋಡು. ನಾನು ಹೊಡ್ದಿದ್ದು. ಕೋವೀಲಿ ಏನ್ ತಪ್ಪಿದೆ, ತೋರ್ಸು ನೋಡೋಣ. ನಾನು ಪಾಪದವಳಾ? ನೀನು ಕಣ್ಣು ಮುಚ್ಕೊಂಡು ಹೊಡೆದ್ರೆ ನನ್ನ ಕೋವಿ ಏನ್ ಮಾಡುತ್ತೋ?”

ಡೆಲ್ಮರ್ ಕಾಗದ ನೋಡಿದ. ಅವನ ಕಿವಿ ಕೆಂಪಾಯಿತು. “ಚೆನ್ನಾಗ್ ಹೊಡ್ದಿದೀಯ,” ಅಂದ. ಕೋವಿಯನ್ನು ಬೆಂಚಿನ ಮೇಲೆ ಮೆತ್ತಗೆ ಇಟ್ಟು, ಹೋಗಿ ತನ್ನ ಪಿಕಪ್‌ನಲ್ಲಿ ಕೂತ. ಗಾಡಿ ಮಾತ್ರ ಶುರು ಮಾಡಲಿಲ್ಲ. ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತೇ ಇದ್ದ.

ಆರ್ಡಿಸ್ ಗೆದ್ದಿದ್ದಳು. ಗೆದ್ದವಳು ಬೆಂಚಿನ ಮೇಲಿದ್ದ ತನ್ನ ಕೋವಿಯನ್ನು ನೋಡಿದಳು. ಎಷ್ಟು ಚಂದ. ಇಂಥದ್ದು ಜಿಲ್ಲೆಯಲ್ಲೇ ಇಲ್ಲ. ಇದನ್ನು ಯಾರಿಗಾಗಿ ಕಟ್ಟಿದ್ದು? ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿ ಮಾರುವ ಕೋವಿಯಾದರೆ, ಹೊಡೆಯಲಾರದವನದೇ ತಪ್ಪು ಅನ್ನಬಹುದು. ಹೇಳಿ ಮಾಡಿಸಿದ ಅಂಗಿ ಮೈಗೆ ಆಗದಿದ್ದರೆ ಯಾವ ದರ್ಜಿಯೂ ಮೈಯನ್ನು ಬೈಯುವುದಿಲ್ಲ. ಈ ಯೋಚನೆ ಬಂದದ್ದೇ ತಡ, ಇಷ್ಟು ಹೊತ್ತಿನ ಗೆಲುವು ಅವಳ ಬಾಯಲ್ಲಿ ಕಹಿಯಾಯಿತು.

ಅವಳು ಹೋಗಿ ಪಿಕಪ್‌ನ ಕಿಟಕಿಗೆ ಮೊಣಕೈ ಊರಿದಳು.

“ಇಷ್ಟು ಒದೆಯೋ ತೋಟಾ ಯಾಕೋ ಕೇಳ್ದೆ?”

“ಎಲ್ರ ಹತ್ರನೂ ಅದೇ ಇದೆ. ಟಗರು ದೂರದಲ್ಲೇ ನಿಂತಿರುತ್ತೆ, ಹತ್ರ ಬಿಟ್ಕೊಳಲ್ಲ ಅಂತಾರೆ.” ಡೆಲ್ಮರ್ ಮುಂದಿನ ಗಾಜನ್ನೇ ನೋಡುತ್ತಾ ಹೇಳಿದ. “ನೀನೂ ಬೇಡ ಅನ್ಲಿಲ್ವಲ್ಲ.”

ಆರ್ಡಿಸ್ ಬೇಡ ಅಂದಿರಲಿಲ್ಲ. ನಿಜ. ಇವನು ಹಳೇ ಕೋವಿ ಹೊಡೆಯುವಾಗಲೂ ರೆಪ್ಪೆ ಬಿಗಿಯುವುದನ್ನು ಅವಳು ಹಿಂದೆ ಎಷ್ಟೋ ಸಲ ರೇಂಜ್‌ನಲ್ಲಿ ಕಂಡಿದ್ದಳು. ಕಂಡೂ, ಯಾರೂ ಕಟ್ಟದಷ್ಟು ಹಗುರವಾದ ಮ್ಯಾಗ್ನಂ ಕಟ್ಟಬೇಕು ಅನ್ನುವ ಚಪಲಕ್ಕೆ ಬಾಯಿ ಮುಚ್ಚಿಕೊಂಡಿದ್ದಳು.

“ನಿನ್ನ ತೋಳು ಅಳೆದೆ, ಕೊರಳು ಅಳೆದೆ, ಕೆನ್ನೆ ಅಳೆದೆ,” ಅಂದಳು. “ಎಷ್ಟು ಒದೆ ತಡ್ಕೋತೀಯ ಅಂತ ಕೇಳಲೇ ಇಲ್ಲ. ಅದೂ ಒಂದು ಅಳತೆ ಕಣೋ. ಆ ಅಳತೆ ನಾನು ತಗೊಳ್ಳಿಲ್ಲ. ಇಳಿ ಕೆಳಗೆ.”

“ಇಳಿದು?”

“ಇಳಿದು ಕಾಫಿ ಕುಡಿ. ಆಮೇಲೆ ಕೇಳ್ತೀನಿ, ನಿಜ ಹೇಳು.”

ಡೆಲ್ಮರ್ ಇಳಿದ. ನಿಜವನ್ನೂ ಹೇಳಿದ. ಎಳೇ ವಯಸ್ಸಿನಲ್ಲಿ ಅಪ್ಪನ ದೊಡ್ಡ ಕೋವಿ ಮೂಗು ಒಡೆದದ್ದು, ಅಂದಿನಿಂದ ಪ್ರತಿ ಈಡಿಗೂ ಒಳಗೊಳಗೇ ಜೀವ ಹಾರುವುದು, ಅದನ್ನು ಹೆಂಡತಿಗೂ ಹೇಳದೆ ಮುಚ್ಚಿಟ್ಟದ್ದು. ಆರ್ಡಿಸ್ ನಗಲಿಲ್ಲ. ನಕ್ಕಿದ್ದರೆ ಅವನೂ ನಗುತ್ತಿದ್ದ, ಮತ್ತು ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಆಮೇಲಿನ ದಿನಗಳಲ್ಲಿ ಬೆಣ್ಣೆ ಕಾರ್ಖಾನೆಯ ದೀಪ ಆರಿದ್ದು ಕಡಿಮೆ. ಮ್ಯಾಗ್ನಂ ನಳಿಗೆ ಕಳಚಿ ಬದಿಗಿಟ್ಟಳು. ಏಳು ಮಿಲಿಮೀಟರಿನ ಹಳೇ ಮೌಸರ್ ತೋಟಾಕ್ಕೆ ಹೊಸ ನಳಿಗೆ ಕೂಡಿಸಿದಳು. ತೋಟಾ ಸಣ್ಣದಾದ್ದರಿಂದ ಅದನ್ನು ನಳಿಗೆಯೊಳಕ್ಕೆ ತಳ್ಳಿ ಮುಚ್ಚುವ ಬೋಲ್ಟನ್ನೂ ಬದಲಾಯಿಸಬೇಕಾಯಿತು. ಅಜ್ಜಂದಿರ ಕಾಲದ ಆ ತೋಟಾವನ್ನು ರೇಂಜ್‌ನವರು ಹೆಂಗಸರ ತೋಟಾ ಅಂತ ಕರೆಯುತ್ತಾರೆ. ಟಗರಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಹೊಸ ನಳಿಗೆ ದಪ್ಪ, ತೂಕವೂ ಹೆಚ್ಚು. ಅದನ್ನು ಕೂರಿಸಲು ಮರದ ಕಾಲುವೆಯನ್ನು ಅಗಲ ಮಾಡಬೇಕಿತ್ತು. ಕಾಗದ ನುಸುಳುವಷ್ಟು ಸಂದು ಬಿಟ್ಟು ಅಷ್ಟು ಹೊತ್ತು ಕೆತ್ತಿದ್ದ ಅಂಚನ್ನು ಅವಳೇ ಉಳಿ ಹಿಡಿದು ಹೆರೆದಳು. ಸಂಕಟವಾಯಿತು. ಆದರೂ ಉಳಿ ತಪ್ಪಲಿಲ್ಲ.

ಪ್ರತಿ ಸಂಜೆ ಡೆಲ್ಮರ್ ದಿಬ್ಬದ ಎದುರಿಗೆ ಕೂತ. ಆರ್ಡಿಸ್ ಒಮ್ಮೆ ತೋಟಾ ತುಂಬಿ ಕೊಟ್ಟಳು, ಒಮ್ಮೆ ತುಂಬದೆ ಕೊಟ್ಟಳು, ಯಾವುದು ಯಾವಾಗ ಅಂತ ಹೇಳಲಿಲ್ಲ. ಮೊದಮೊದಲು ನಳಿಗೆ ಮುಗ್ಗರಿಸಿತು. ಆಮೇಲೆ ಬರೀ ಅಲುಗಿತು. ಒಂದು ಸಂಜೆ ಟಿಕ್ ಅಂದಾಗ ನಳಿಗೆ ಇದ್ದಲ್ಲೇ ಇತ್ತು, ಡೆಲ್ಮರನ ಕಣ್ಣು ತೆರೆದೇ ಇತ್ತು. ಅವನು ಆ ಕೋವಿಯನ್ನು ಕೆಳಗಿಡಲು ಮನಸ್ಸಿಲ್ಲದೆ ಮಡಿಲಲ್ಲಿ ಇಟ್ಟುಕೊಂಡು ಕೂತ.

“ಒದೆಯೋದೇ ಇಲ್ವಲ್ಲೇ ಇದು,” ಅಂದ.

“ಒದೆಯುತ್ತೆ. ಮನುಷ್ಯರು ಒದೆಯೋಷ್ಟು ಒದೆಯುತ್ತೆ.”

ಬೇಟೆ ಶುರುವಾಗುವ ಮುಂಚಿನ ಕಡೆಯ ಶನಿವಾರ ರೇಂಜ್ ತುಂಬಿತ್ತು. ಡೆಲ್ಮರ್ ಬೆಂಚಿಗೆ ಕೂತದ್ದನ್ನು ಕಂಡು ಉಳಿದವರು ತಮ್ಮ ಕೋವಿ ಬಿಟ್ಟು ಬಂದು ಹಿಂದೆ ನಿಂತರು. ಆರ್ಡಿಸ್ ಕೂಡ ನಿಂತಿದ್ದಳು. ಥರ್ಮಾಸ್ ಮುಚ್ಚಳಕ್ಕೆ ಸುರಿದ ಕಾಫಿ ಹಾಗೇ ಆರುತ್ತಿತ್ತು. ಡೆಲ್ಮರ್ ಒಂದು ಈಡು ಹೊಡೆದ. ಕೋವಿ ಒರಗಿಸಿ ಕಾದ. ಲೈಲ್ ಗೊಣಗಿದ, “ಏನಪ್ಪಾ, ಮಧ್ಯೆ ನಿದ್ದೆ ಮಾಡ್ತೀಯಾ?” ಡೆಲ್ಮರ್ ಇನ್ನೊಂದು ಹೊಡೆದ, ಮತ್ತೆ ಕಾದ, ಮೂರನೆಯದು ಹೊಡೆದ.

ಲೈಲ್ ತನ್ನ ದೊಡ್ಡ ದುರ್ಬೀನಿಗೆ ಕಣ್ಣು ಒತ್ತಿದ. ಬಹಳ ಹೊತ್ತು ತೆಗೆಯಲಿಲ್ಲ.

“ಮೂರೂ ಕಪ್ಪು ಚುಕ್ಕೇಲೇ ಇದೆ,” ಅಂದ ಕೊನೆಗೆ. ಅವನ ಗಂಟಲು ಕೂಡ ಸ್ವಲ್ಪ ಇಳಿದಿತ್ತು. ಆಮೇಲೆ ಆರ್ಡಿಸ್ ಕಡೆಗೆ ತಿರುಗಿ, “ಹಂಗಾದ್ರೆ ಹೋದ್ಸಲ ಏನಾಗಿತ್ತು ಆರ್ಡಿಸ್? ಬೇಜಾರ್ ಮಾಡ್ಕೋಬೇಡಿ, ಕೇಳ್ಬೇಕಲ್ಲ,” ಅಂದ.

“ಕೋವಿ ತಪ್ಪಿತ್ತು,” ಅಂದಳು ಆರ್ಡಿಸ್. “ನಾನು ಕಟ್ಟಿದ್ದೇ ತಪ್ಪು. ಈಗ ಸರಿ ಮಾಡಿದೀನಿ.”

ಇದನ್ನು ಅವಳು ಡೆಲ್ಮರನನ್ನು ಕಾಪಾಡಲು ಆಡಿದ ಸುಳ್ಳು ಅಂತ ತಿಳಿದರೆ ಅವಳಿಗೆ ಅವಮಾನ. ಅವಳು ನಂಬಿಯೇ ಹೇಳಿದಳು, ತಲೆ ಎತ್ತಿಯೇ ಹೇಳಿದಳು. ಆದರೆ ಆ ಮಾತು ಊರೆಲ್ಲ ಹೇಗೆ ಸುತ್ತುತ್ತದೆ, ಚಳಿಗಾಲಕ್ಕೆ ಎಷ್ಟು ಕೆಲಸ ತಪ್ಪಿಸುತ್ತದೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ನಾನು ಅವತ್ತೇ ಹೇಳ್ಲಿಲ್ವಾ?” ಅಂತ ವೆಂಡೆಲ್ ಸುತ್ತ ನೋಡಿದ. “ಹಾಲ್ವರ್ ಇದ್ದಿದ್ರೆ…”

“ವೆಂಡೆಲ್, ಬಾಯಿ ಮುಚ್ಚೋ,” ಅಂದ ಡೆಲ್ಮರ್.

ಅವನು ಬೆಂಚಿನಿಂದ ಎದ್ದು ನಿಂತಿದ್ದ. ಹುಬ್ಬಿನ ಮೇಲೆ ಗಾಯ ಇನ್ನೂ ಕೆಂಪಗಿತ್ತು. ನೆಲದಲ್ಲಿ ಬಿದ್ದಿದ್ದ ಖಾಲಿ ತೋಟಾ ಒಂದನ್ನು ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದ. “ನೋಡ್ಕೊಳಿ. ಏಳು ಮಿಲಿಮೀಟರ್. ಹೆಂಗಸ್ರ ತೋಟಾ. ಮೊದ್ಲಿನ ಕೋವಿ ಇದಕ್ಕಿಂತ ಚೆನ್ನಾಗ್ ಹೊಡೀತಿತ್ತು. ಆರ್ಡಿಸ್ ಕೈಲಿ ಮೂರೂ ಗುಂಡು ಒಂದೇ ತೂತಲ್ಲಿ ಹೋಗಿದ್ದನ್ನ ನಾನೇ ನೋಡಿದೀನಿ. ಹೊಡೆಯೋವಾಗ ನಾನು ಕಣ್ಣು ಮುಚ್ತಿದ್ದೆ. ಹೆದ್ರಿಕೆ ಆಗ್ತಿತ್ತು ನಂಗೆ. ಹುಡುಗ ಆಗಿದ್ದಾಗಿಂದ ಆಗುತ್ತೆ. ಈಗ ನಗೋರು ನಕ್ಕುಬಿಡಿ, ನಂಗೆ ಟಗರು ಹುಡುಕೋಕೆ ಹೋಗ್ಬೇಕು.”

ಯಾರೂ ನಗಲಿಲ್ಲ. ಒಬ್ಬ ಟೋಪಿ ಸರಿ ಮಾಡಿಕೊಂಡ, ಇನ್ನೊಬ್ಬ ಬೂಟಿನ ದಾರ ಕಟ್ಟಲು ಬಗ್ಗಿದ. ಲೈಲ್ ಕಾರಣವಿಲ್ಲದೆ ಸೀಟಿ ಊದಿದ. ಆರ್ಡಿಸ್‌ಗೆ ಕಣ್ಣು ತುಂಬಿ ಬಂತು, ಅದಕ್ಕೆ ಅವಳು ಗಾಳಿಯನ್ನು ಬೈದಳು.

ಮಧ್ಯಾಹ್ನ ಅವಳು ಥರ್ಮಾಸನ್ನು ಪಿಕಪ್‌ನಲ್ಲಿ ಇಡುತ್ತಿದ್ದಾಗ ಲೈಲ್ ಬಂದು ಪಕ್ಕದಲ್ಲಿ ನಿಂತ. ಹವಾಮಾನದ ಬಗ್ಗೆ ಮಾತಾಡಿದ. ಟೊಮೆಟೊ ಹೇಗಿವೆ ಅಂತ ಕೇಳಿದ. ಆಮೇಲೆ, ಊರಿನಲ್ಲಿ ಯಾರೂ ಅವನ ಬಾಯಲ್ಲಿ ಕೇಳಿರದಷ್ಟು ಸಣ್ಣ ದನಿಯಲ್ಲಿ, “ಆ ಸಣ್ಣ ತೋಟಾದ ನಳಿಗೆ… ನನ್ನ ಕೋವಿಗೂ ಕೂರುತ್ತಾ?” ಅಂದ.

“ಯಾಕೋ? ನಿಂದು ಚೆನ್ನಾಗೇ ಹೊಡೆಯುತ್ತಲ್ಲ.”

“ಹೊಡೆಯುತ್ತೆ, ಹೊಡೆಯುತ್ತೆ. ಕೋವಿಗೇನೂ ಆಗಿಲ್ಲ.” ಲೈಲ್ ತನ್ನ ಬೂಟನ್ನು ನೋಡಿಕೊಂಡ. “ನಂಗೇ ಒಂಚೂರು…”

ಆರ್ಡಿಸ್ ಆ ಮಾತನ್ನು ಮುಗಿಸುವ ಕಷ್ಟ ಅವನಿಗೆ ಕೊಡಲಿಲ್ಲ. ಅವನ ಹೆಗಲಿನಾಚೆ ಎರಡು ಗಾಡಿ ದಾಟಿ ವೆಂಡೆಲ್ ಹಾಫ್ ನಿಂತು, ಗಾಳಿ ತುಂಬಿ ಬಿಗಿಯಾಗಿದ್ದ ತನ್ನ ಟೈರನ್ನೇ ಮತ್ತೆ ಮತ್ತೆ ಒದ್ದು ನೋಡುತ್ತಿದ್ದ. ಲೈಲ್ ಯಾವಾಗ ಹೊರಡುತ್ತಾನೋ ಅಂತ ಕಾಯುತ್ತಿದ್ದ.

“ಸೋಮವಾರ ಬಾ,” ಅಂದಳು ಆರ್ಡಿಸ್. ವೆಂಡೆಲ್‌ಗೂ ಕೇಳಲಿ ಅಂತ ದನಿ ಎತ್ತಿಯೇ ಹೇಳಿದಳು. “ಅಳತೆ ತಗೋಬೇಕು. ಹಿತ್ತಲ ಕ‌ಡೆಯಿಂದ ಬರ್ಬೇಡಿ, ಮುಂಬಾಗಿಲಿಂದಾನೇ ಬನ್ನಿ.”